ಹಗ್ಗದ ಮೇಲಿನ ತುದಿ

ಬಾವಿ ತೋಡುವವರಲ್ಲಿ ಎರಡು ಬಗೆ. ನೀರು ಬಿದ್ದ ಮೇಲೆ "ನಾನು ಆವತ್ತೇ ಹೇಳಿರಲಿಲ್ವಾ?" ಎಂದು ಮೀಸೆ ತಿರುವುವವರು ಒಂದು ಬಗೆ. ಮೊದಲೇ ಹೇಳಿ, ಹೇಳಿದ ತಪ್ಪಿಗೆ ನೀರು ಸಿಗುವ ತನಕ ಮೇಲೆ ಬಾರದವರು ಇನ್ನೊಂದು ಬಗೆ. ಪಾತಾಳಪ್ಪ ಈ ಎರಡನೆಯ ಬಗೆಗೆ ಸೇರಿದವನು. ಮೂವತ್ತೆರಡು ವರ್ಷಗಳಲ್ಲಿ ಅವನು ಇಳಿದ ಬಾವಿಗಳಲ್ಲಿ ಬತ್ತಿತೆಂದು ಬಿಟ್ಟು ಬಂದದ್ದು ಮೂರೇ ಮೂರು. ಆ ಮೂರರ ಮಾತೆತ್ತಿದರೆ ಇವತ್ತಿಗೂ, "ಬತ್ತಿದ್ದು ಬಾವಿ ಅಲ್ಲ, ಮನೆಯವರ ತಾಳ್ಮೆ" ಎನ್ನುತ್ತಾನೆ.

ಅಪ್ಪ ಅಮ್ಮ ಇಟ್ಟ ಹೆಸರು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಹಾಯಾಗಿ ಮಲಗಿದೆ. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿಲ್ಲ. ಕುಳ್ಳ ದೇಹ, ಮರದ ದಿಮ್ಮಿಯಂಥ ಭುಜ, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಮಣ್ಣು, ಎಡಗಾಲಿನಲ್ಲಿ ಒಂದು ಕುಂಟು. ಓದಿದ್ದು ನಾಲ್ಕನೆಯ ತರಗತಿ. ಆದರೆ ಬೈಬಲಿನ ವೇದವಾಕ್ಯವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿ ಓದಿ, ಬಂದ ಪಾದ್ರಿಗಳ ಜೊತೆಯೆಲ್ಲ ವಾದಕ್ಕೆ ನಿಲ್ಲುವಷ್ಟು ಗಟ್ಟಿಯಾಗಿದ್ದ. "ಮೂರು ಪಾದ್ರಿಗಳನ್ನ ಪಳಗಿಸಿದ್ದೀನಿ, ಇವರು ನಾಲ್ಕನೆಯವರು" ಎಂದು ಹೊಸ ಅಯ್ಯನವರ ಎದುರಿಗೇ ಹೇಳಿದ್ದ. ಅವರು ನಕ್ಕಿದ್ದರು.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ಹಗ್ಗದ ಸುರುಳಿಗಳನ್ನು ತೂಗುಹಾಕಿದ್ದ. ಮೂಲೆಯಲ್ಲಿ ಹಾರೆ, ಪಿಕಾಸಿ, ಹೂಳೆತ್ತುವ ಬುಟ್ಟಿ, ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ. ಇವುಗಳ ನಡುವೆ ಹೆಂಡತಿಯ ಹೊಲಿಗೆ ಯಂತ್ರ. ಅವಳು ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. "ಈ ಮನೆ ಬಾಗಿಲು ತೆಗೆದ್ರೆ ಮನುಷ್ಯರಿಗಿಂತ ಮೊದಲು ಹಗ್ಗವೇ ಬಂದವರನ್ನ ಮಾತಾಡಿಸುತ್ತೆ" ಎಂದು ಗೊಣಗುತ್ತಿದ್ದಳು. ಹೊಲಿಗೆಯ ದಾರ ತುಂಡಾದರೆ ಹಗ್ಗದ ಮೇಲೆ ಸಿಟ್ಟು, ಸೂಜಿ ಮುರಿದರೆ ಹಾರೆಯ ಮೇಲೆ ಸಿಟ್ಟು.

ಕಸುಬಿನಲ್ಲಿ ಪಾತಾಳಪ್ಪನಿಗೆ ಮೂರು ಕಟ್ಟಳೆ. ಮೊದಲು ದೀಪ ಇಳಿಸಬೇಕು. ಅದು ತಳದಲ್ಲೂ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಅಲ್ಲಿ ಕೆಟ್ಟ ಗಾಳಿ ಇದೆಯೆಂದು ಅರ್ಥ. ಎರಡನೆಯದು, ಸೊಂಟದ ಗಂಟನ್ನು ಯಾರೇ ಕಟ್ಟಿರಲಿ, ಇಳಿಯುವವನು ತಾನೇ ಎಳೆದು ನೋಡಬೇಕು. ಮೂರನೆಯದು ಕೂಗು. ಕೆಳಗಿದ್ದವನು ಆಗಾಗ "ಇದ್ದೀಯಾ?" ಎಂದು ಕೂಗಬೇಕು, ಮೇಲಿದ್ದವನು ತಡಮಾಡದೆ "ಇದ್ದೀನಿ" ಎನ್ನಬೇಕು. ಅಪ್ಪನ ಕಾಲದಿಂದ ಬಂದ ಪದ್ಧತಿ ಅದು. ಬಾವಿಯ ಮೇಲೆ ಎರಡು ಕಂಬ ನೆಟ್ಟು, ಅಡ್ಡಲಾಗಿ ತಿರುಗುವ ಮರದ ದಿಂಡು ಇಟ್ಟು, ಹಗ್ಗವನ್ನು ಅದಕ್ಕೆ ಸುತ್ತಿರುತ್ತಾರೆ. ಹಿಡಿಕೆ ತಿರುಗಿಸಿದರೆ ಮನುಷ್ಯ ಇಳಿಯುತ್ತಾನೆ, ಏರುತ್ತಾನೆ. ಕೆಳಗಿನವನು ಹಗ್ಗ ಜಗ್ಗಿದರೆ ಹಿಡಿಕೆ ಹಿಡಿದವನ ಅಂಗೈಗೆ ತಿಳಿಯುತ್ತದೆ. ದಿಂಡು ತಿರುಗದಂತೆ ತಡೆಯಲು ಗೇಣುದ್ದದ ಒಂದು ಕಬ್ಬಿಣದ ಗೂಟವೂ ಇರುತ್ತದೆ. ಗೂಟ ಸಿಕ್ಕಿಸಿದರೆ ಕೈಗೆ ಬಿಡುವು. ಆದರೆ ಆಗ ಕೆಳಗಿನವನು ಜಗ್ಗಿದ್ದು ಕಬ್ಬಿಣಕ್ಕೆ ಮಾತ್ರ ತಿಳಿಯುತ್ತದೆ.

ಆ ಗೂಟದ ಕಥೆಯೇ ಪಾತಾಳಪ್ಪನ ಕುಂಟಿನ ಕಥೆ.

ಮೊದಲು ಹಿಡಿಕೆ ಹಿಡಿಯುತ್ತಿದ್ದವನು ಅಪ್ಪ. ಅಪ್ಪ ಹೋದ ಮೇಲೆ ತಮ್ಮ. ತಮ್ಮ ಎತ್ತರದ ಆಳು, ಬಾಯಿ ತೆರೆದರೆ ನಗಿಸುವವನು. ಬಾವಿಯ ತಳದಲ್ಲಿದ್ದವನಿಗೂ ಮೇಲಿನಿಂದ ಚಟಾಕಿ ಹಾರಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ, ಪಾತಾಳಪ್ಪ ಆರು ಆಳಿನ ಆಳದಲ್ಲಿ ಅಗೆಯುತ್ತಿದ್ದಾಗ, ಬೀದಿಯ ತುದಿಯಿಂದ ಯಾರೋ ತಮ್ಮನನ್ನು ಕೂಗಿದರು. ಅವನ ಹೆಂಡತಿಗೆ ಹೆರಿಗೆಯಾಗಿತ್ತು, ಹೆಣ್ಣು ಮಗು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು. ತಮ್ಮ ಗೂಟ ಸಿಕ್ಕಿಸಿ, ಸುದ್ದಿ ತಂದವರ ಬಳಿಗೆ ಓಡಿದ. ಹೆಚ್ಚೆಂದರೆ ನೂರು ಎಣಿಸುವಷ್ಟು ಹೊತ್ತು. ಆ ನೂರರೊಳಗೇ ಬಾವಿಯ ಬದಿಯಿಂದ ಮರಳು ಸೋರತೊಡಗಿತು. ಪಾತಾಳಪ್ಪ "ಇದ್ದೀಯಾ?" ಎಂದ. ಉತ್ತರವಿಲ್ಲ. ಹಗ್ಗ ಜಗ್ಗಿದ. ಹಗ್ಗ ಅಲುಗಲಿಲ್ಲ. ಮತ್ತೆ ಕೂಗಿದ. ಮೇಲೆ ಬರೀ ದುಂಡನೆಯ ಆಕಾಶ. ಆಮೇಲೆ ಕಲ್ಲು ಬಿತ್ತು.

ಆ ಮಗುವಿಗೂ ಈ ಕುಂಟಿಗೂ ಒಂದೇ ವಯಸ್ಸು.

ಆಸ್ಪತ್ರೆಯಲ್ಲಿ ತಮ್ಮ ಕಾಲು ಹಿಡಿದು ಅತ್ತ. ಪಾತಾಳಪ್ಪ, "ಕ್ಷಮಿಸಿದೆ, ಏಳು" ಎಂದ. ಹೇಳಿದ ಮಾತಿಗೆ ತಪ್ಪಲೂ ಇಲ್ಲ. ಯಾರ ಮುಂದೆಯೂ ಅದನ್ನು ಆಡಿಕೊಳ್ಳಲಿಲ್ಲ. ಭಾನುವಾರದ ಆರಾಧನೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಟ್ಟಲಿನಿಂದ ಪ್ರಭುವಿನ ಭೋಜನದ ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದರು. ಆದರೆ ಕಾಲು ಕೂಡಿ ಮತ್ತೆ ಬಾವಿಗೆ ಹೊರಟ ದಿನ ಪಾತಾಳಪ್ಪ ಹಿಡಿಕೆಯನ್ನು ಹೆಂಡತಿಯ ತಮ್ಮನ ಕೈಗೆ ಕೊಟ್ಟ. ತಮ್ಮ ಮರದ ಮಿಲ್ಲಿಗೆ ಹಮಾಲಿಯಾಗಿ ಸೇರಿದ. ಅವನ ಚಟಾಕಿಗಳೂ ಅವತ್ತಿಗೇ ನಿಂತವು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಇದೆ. ಇವರು ದಾಯಾದಿಗಳೂ ಆಗಲಿಲ್ಲ. ಒಂದೇ ಬೆಂಚಿನ ಎರಡು ತುದಿಯಾದರು.

ಹೀಗಿರುವಾಗ ಚರ್ಚಿನ ಅಂಗಳದ ಬಾವಿ ಬತ್ತಿತು. ಎರಡು ಬೀದಿಯ ಜನ ನೀರು ಸೇದುತ್ತಿದ್ದ ಬಾವಿ ಅದು. ನಲ್ಲಿಯಲ್ಲಿ ವಾರಕ್ಕೊಮ್ಮೆ ಕೆಮ್ಮಿದಷ್ಟು ನೀರು. ಅಯ್ಯನವರು ಬೆಳಿಗ್ಗೆ ಬೆಳಿಗ್ಗೆಯೇ ಪಾತಾಳಪ್ಪನ ಬಾಗಿಲಿಗೆ ಬಂದರು.

"ಪಾತಾಳಪ್ಪ, ಎರಡು ಕೆಲಸ ಇದೆ. ಒಂದು, ಬಾವಿ. ಎರಡು, ಬರೋ ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳೋ ಸರದಿ ನಿಮ್ದು. ನಂಬಿಕೆ, ನಿರೀಕ್ಷೆ, ಪ್ರೀತಿ. ಹತ್ತು ನಿಮಿಷ."

"ಹತ್ತು ನಿಮಿಷಕ್ಕೆ ನನ್ನ ಹಗ್ಗದ ಸಿಕ್ಕೂ ಬಿಡಿಸೋಕಾಗಲ್ಲ ಅಯ್ಯನವರೇ. ಮೂರು ಬೇಡ, ಒಂದು ಕೊಡಿ. ನಂಬಿಕೆ ಕೊಡಿ. ಅದೇ ದೊಡ್ಡದು."

"ಮೂರರಲ್ಲಿ ದೊಡ್ಡದು ಪ್ರೀತಿ ಅಂತಲ್ವಾ ಬೈಬಲಲ್ಲಿ ಅಪೊಸ್ತಲರು ಬರೆದಿದ್ದು?"

"ಬರೆದವರು ದೊಡ್ಡವರು, ಕೈ ಮುಗೀತೀನಿ. ಆದ್ರೆ ಅವರು ಬಾವಿಗೆ ಇಳಿದವರಲ್ಲ. ಇಳಿದಿದ್ರೆ ನಂಬಿಕೆ ದೊಡ್ಡದು ಅಂತಲೇ ಬರೀತಿದ್ರು. ನಂಬಿಕೆ ಇಲ್ದೆ ಯಾರು ಕಾಲು ಕೆಳಗಿಡ್ತಾರೆ? ನಿರೀಕ್ಷೆ ನನಗೆ ಹುಟ್ಟಿನಿಂದಲೇ ಇದೆ, ಕಲ್ಲಿನಲ್ಲೂ ನೀರು ಕಾಣೋನು ನಾನು. ಪ್ರೀತಿ ಬೇಕು, ಬೇಡ ಅನ್ನಲ್ಲ. ಅದು ಮೇಲೆ ಬಂದು ಕೈಕಾಲು ತೊಳೆದ ಮೇಲೆ."

ಅಯ್ಯನವರು ತಲೆ ಕೆರೆದುಕೊಂಡರು. "ಬಾವಿಗೆ ಇಳಿಯದೇ ಇರಬಹುದು ಪಾತಾಳಪ್ಪ. ಆದ್ರೆ ಶತ್ರುಗಳು ಊರಬಾಗಿಲು ಕಾಯ್ತಿದ್ದಾಗ ಬುಟ್ಟಿಯಲ್ಲಿ ಕೂತು ಕೋಟೆ ಗೋಡೆಯಿಂದ ಇಳಿದವರು ಅವರೇ ಅಲ್ವಾ? ಮೇಲೆ ಯಾರೋ ಹಗ್ಗ ಹಿಡಿದಿದ್ರು. ಹಿಡಿದವರ ಹೆಸರು ಎಲ್ಲೂ ಬರೆದಿಲ್ಲ ನೋಡಿ."

ಮೂರು ಪಾದ್ರಿಗಳನ್ನು ಪಳಗಿಸಿದ್ದ ಪಾತಾಳಪ್ಪ ಹಗ್ಗದ ಸುರುಳಿ ಸರಿಪಡಿಸತೊಡಗಿದ. ಆಮೇಲೆ, "ಬಾವಿಗೆ ಈಗಾಗಲ್ಲ. ನನ್ನ ಭಾವಮೈದುನನಿಗೆ ಹೊಟ್ಟೆ ಆಪರೇಷನ್ ಆಗಿದೆ. ಆರು ವಾರ ಭಾರ ಎತ್ತೋ ಹಾಗಿಲ್ಲ" ಎಂದ.

"ಆರು ವಾರ ಬೀದಿಯವರು ಏನು ಕುಡೀಬೇಕು? ನಿಮ್ಮ ತಮ್ಮ ಇದ್ದಾರಲ್ಲ?"

"ಅವನು ಮಿಲ್ಲಿನಲ್ಲಿದ್ದಾನೆ."

"ಮಿಲ್ಲಿಗೆ ರಜೆ ಹಾಕಬಹುದಲ್ವಾ?"

"ಅವನು ರಜೆ ಹಾಕಬಹುದು. ನನ್ನ ಹಗ್ಗ ಅವನ ಕೈಗೆ ಹೋಗಲ್ಲ."

ಹೊಲಿಗೆ ಯಂತ್ರ ನಿಂತಿತು. ಅಯ್ಯನವರು ಹೋಗುವವರೆಗೆ ಹೆಂಡತಿ ಕಾದಳು.

"ಅಲ್ಲಾ ರೀ, ಭಾನುವಾರ ಎಲ್ಲರ ಮುಂದೆ ನಿಂತು ನಂಬಿಕೆ ಬಗ್ಗೆ ಹೇಳ್ತೀರಾ?"

"ಹೇಳ್ತೀನಿ. ಯಾಕೆ, ದೇವರನ್ನ ನಾನು ನಂಬಲ್ವಾ?"

"ನಂಬ್ತೀರಿ. ಕಾಣದ ದೇವರನ್ನ ನಂಬ್ತೀರಿ, ದಿನಾ ಕಾಣೋ ತಮ್ಮನ್ನ ನಂಬಲ್ಲ."

"ಅವನನ್ನ ಕ್ಷಮಿಸಿಲ್ವಾ ನಾನು? ಒಂದು ದಿನ ಅಂದಿದ್ದೀನಾ, ಆಡಿದ್ದೀನಾ?"

"ಕ್ಷಮಿಸಿದ್ದೀರಿ. ಹಸುನ ದಾನ ಕೊಟ್ಟು ಹಗ್ಗ ನಿಮ್ಮ ಕೈಯಲ್ಲೇ ಇಟ್ಕೊಂಡ ಹಾಗೆ."

"ಏನಾದ್ರೂ ಅನ್ನು. ಕಲ್ಲು ಬಿದ್ದ ಕಾಲು ನಂದು."

"ಹೌದು, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮಗೂ ಎರಡು ಇಲ್ಲ" ಎಂದು ಅವಳು ಯಂತ್ರ ತುಳಿಯತೊಡಗಿದಳು. ಆದರೆ ಸಂಜೆ ಬಟ್ಟೆ ಕೊಟ್ಟು ಬರುವ ನೆಪದಲ್ಲಿ ಮೈದುನನ ಮನೆಗೆ ಹೋಗಿ ಬಂದಳು.

ಮರುದಿನ ಏಳು ಗಂಟೆಗೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಊಟದ ಡಬ್ಬಿ, ಕೂದಲಲ್ಲಿ ಮರದ ಹೊಟ್ಟು.

"ಅತ್ತಿಗೆ ಬರಹೇಳಿದ್ರು" ಎಂದ.

ಪಾತಾಳಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದಳು. ಅವಳಿಗೆ ಲೋಕದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲವೆಂಬಂತೆ.

ಬಾಗಿಲಿಗೆ ಬಂದವನನ್ನು ಕಳಿಸುವುದು ಹೇಗೆ? ಪಾತಾಳಪ್ಪ ಹಗ್ಗದ ಸುರುಳಿ ಹೆಗಲಿಗೇರಿಸಿದ. ಆಮೇಲೆ ತಮ್ಮನ ಕಣ್ಣು ತಪ್ಪಿಸಿ ಇನ್ನೊಂದು ಹಗ್ಗವನ್ನೂ ಚೀಲದ ತಳಕ್ಕೆ ತುರುಕಿದ. ಯಾವ ಮನುಷ್ಯನ ಕೈಯಲ್ಲೂ ಇರದೆ, ನೇರವಾಗಿ ಕಂಬಕ್ಕೆ ಕಟ್ಟುವ ಹಗ್ಗ ಅದು.

ಚರ್ಚಿನ ಅಂಗಳದಲ್ಲಿ ಹೂಳಿನ ಬುಟ್ಟಿ ಎಳೆಯಲು ಬೀದಿಯ ನಾಲ್ಕು ಜನ ಸೇರಿದ್ದರು. ಅವರಲ್ಲಿ ಕ್ಷೌರದಂಗಡಿಯವನದೇ ದೊಡ್ಡ ಬಾಯಿ. ಕಂಬ ನೆಟ್ಟರು, ದಿಂಡು ಕೂರಿಸಿದರು. ದೀಪ ಇಳಿಸಿದರು. ಏಳು ಆಳಿನ ಆಳದಲ್ಲಿ ಅದು ಮಿಣಮಿಣನೆ ಉರಿಯಿತು. ಗಾಳಿ ಚೆನ್ನಾಗಿದೆ. ಪಾತಾಳಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಗಂಟು ಎಳೆದು ನೋಡಿ, ಕುಂಟುಗಾಲನ್ನು ಮೊದಲು ಬಾವಿಕಟ್ಟೆಯ ಮೇಲೆ ಹಾಕಿದ. ತಮ್ಮ ಹಿಡಿಕೆ ಹಿಡಿದು ನಿಂತಿದ್ದ. ಹನ್ನೊಂದು ವರ್ಷದ ಹಿಂದೆ ನಿಂತಿದ್ದ ಹಾಗೆಯೇ, ಬಲಗಾಲು ಮುಂದೆ, ಎಡಗಾಲು ಹಿಂದೆ.

ಪಾತಾಳಪ್ಪ ಕೆಳಗೆ ನೋಡಿದ. ಕತ್ತಲೆಗೆ ಹೆದರುವವನಲ್ಲ ಅವನು. ಆದರೆ ಕಾಲು ಇಳಿಯಲೊಲ್ಲದು. ಮನಸ್ಸಿನಲ್ಲೇ ಪ್ರಾರ್ಥಿಸಿದ. ಪ್ರಾರ್ಥನೆ ಸರಾಗವಾಗಿ ಬಂತು, ಕಾಲು ಮಾತ್ರ ಬರಲಿಲ್ಲ. ಹಾಕಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಏನು ಪಾತಾಳಪ್ಪ, ಪಾತಾಳಕ್ಕೆ ಇವತ್ತು ಬೀಗ ಹಾಕಿದ್ಯಾ?" ಎಂದ ಕ್ಷೌರದಂಗಡಿಯವನು. ನಾಲ್ಕು ಜನ ನಕ್ಕರು. ಮೂವತ್ತೆರಡು ವರ್ಷದಲ್ಲಿ ಬಾವಿಕಟ್ಟೆಯ ಮೇಲೆ ಅವನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ತಮ್ಮ ನಗಲಿಲ್ಲ. ಹಿಡಿಕೆ ಬಿಟ್ಟು ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, "ಅಣ್ಣನ ಕಾಲು ಇವತ್ತು ಸರಿ ಇಲ್ಲ. ಮೊದಲು ಹೂಳೆಲ್ಲ ನಾನು ತೆಗೀತೀನಿ. ಅಣ್ಣ ಹಿಡಿಕೆ ಹಿಡೀಲಿ" ಎಂದ.

ಕಾಲಿಗೆ ಏನೂ ಆಗಿರಲಿಲ್ಲ. ಅದು ಅಣ್ಣನಿಗೂ ಗೊತ್ತು, ತಮ್ಮನಿಗೂ ಗೊತ್ತು. ಪಾತಾಳಪ್ಪ ತನ್ನ ಸೊಂಟದ ಹಗ್ಗ ಬಿಚ್ಚಿ ತಮ್ಮನ ಸೊಂಟಕ್ಕೆ ಕಟ್ಟಿದ. ಕಟ್ಟುತ್ತಿರುವಾಗ ತಮ್ಮ ಗಂಟಿನ ಕಡೆ ನೋಡಲೇ ಇಲ್ಲ.

"ಗಂಟು ನೋಡ್ಕೊ."

"ನೀನು ಕಟ್ಟಿದ್ದಲ್ವಾ ಅಣ್ಣ?"

"ಯಾರೇ ಕಟ್ಟಲಿ, ನೋಡ್ಕೋಬೇಕು. ಕಸುಬು ಕಣೋ."

ತಮ್ಮ ಅಣ್ಣನ ಮಾತಿಗೆಂದು ಒಮ್ಮೆ ಎಳೆದ. ಆಮೇಲೆ ಕಟ್ಟೆ ದಾಟಿ, ಉಯ್ಯಾಲೆಗೆ ಕೂತವನಂತೆ ಹಗ್ಗಕ್ಕೆ ಮೈ ಬಿಟ್ಟುಕೊಟ್ಟ. ಹಿಡಿಕೆ ಒಮ್ಮೆಲೇ ಭಾರವಾಯಿತು. ಅಷ್ಟೂ ಭಾರ, ಏನೂ ಉಳಿಸಿಕೊಳ್ಳದೆ.

ಪಾತಾಳಪ್ಪ ಬಾವಿಯ ಮೇಲೆ ನಿಂತದ್ದು ಅವತ್ತೇ ಮೊದಲು. ಹಗ್ಗದ ಕೆಳತುದಿಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಮೇಲಿನ ತುದಿಯ ಬಗ್ಗೆ ಗೊತ್ತಿದ್ದದ್ದು ಒಂದೂ ಇರಲಿಲ್ಲ. ಕೆಳಗಿರುವವನಿಗೆ ಮಣ್ಣು ಕಾಣುತ್ತದೆ, ಕಲ್ಲು ಕಾಣುತ್ತದೆ, ಕೈಗೆ ಕೆಲಸವಿರುತ್ತದೆ. ಮೇಲಿರುವವನಿಗೆ ಕಾಣುವುದು ಒಂದು ಕಪ್ಪು ತೂತು. ಸುಮ್ಮನೆ ನಿಲ್ಲಬೇಕು. ಬೆನ್ನು ಕೆರೆದರೆ ಕೆರೆದುಕೊಳ್ಳುವ ಹಾಗಿಲ್ಲ. ನೊಣ ಮೂಗಿನ ಮೇಲೆ ಕೂತು ಮನೆ ಕಟ್ಟಿದರೂ ಓಡಿಸುವ ಹಾಗಿಲ್ಲ. ಇಷ್ಟು ವರ್ಷ "ಮೇಲೆ ನಿಲ್ಲೋದೇನು, ಕಂಬವೂ ನಿಲ್ಲುತ್ತೆ" ಎಂದುಕೊಂಡಿದ್ದವನಿಗೆ ಅರ್ಧ ಗಂಟೆಯೊಳಗೆ ಕಂಬದ ಮೇಲೆ ಗೌರವ ಹುಟ್ಟಿತು.

"ಇದ್ದೀಯಾ ಅಣ್ಣಾ?" ತಳದಿಂದ ಕೂಗು ಬಂತು.

"ಇದ್ದೀನಿ."

ಬುಟ್ಟಿಯ ಮೇಲೆ ಬುಟ್ಟಿ ಹೂಳು ಬಂತು. ಒಂದು ಚಪ್ಪಲಿ ಬಂತು. ಎರಡು ಬಿಂದಿಗೆ, ಒಂದು ಬೀಗ, ಕ್ಷೌರದಂಗಡಿಯವನ ಅಪ್ಪನ ಕಾಲದ ಒಂದು ಬಾಚಣಿಗೆ. ಬಿಸಿಲು ನೆತ್ತಿಗೆ ಬಂತು. ಆಗ ಅಂಗಳದ ಗೇಟಿನಿಂದ ಹೆಂಡತಿ ಕೂಗಿದಳು:

"ರೀ, ಊಟ ತಂದಿದ್ದೀನಿ. ಬಂದು ತಗೊಳ್ಳಿ, ಈ ಕೆಸರು ದಾಟೋಕಾಗ್ತಿಲ್ಲ ನನಗೆ!"

"ಬಂದೆ" ಎಂದ ಪಾತಾಳಪ್ಪ. ಹತ್ತು ಹೆಜ್ಜೆಯ ದಾರಿ. ಹೆಜ್ಜೆ ತಿರುಗಿತು. ಎಡಗೈ ತಾನಾಗಿಯೇ ಗೂಟವನ್ನು ಎತ್ತಿಕೊಂಡು ದಿಂಡಿನ ತೂತಿಗೆ ತಂದಿತು.

ಅಲ್ಲೇ ನಿಂತುಬಿಟ್ಟ. ಆ ಗೂಟ ಹಿಡಿದ ಕೈಯನ್ನು ನೋಡಿದ. ಅದು ತನ್ನದೇ ಕೈ. ಉಗುರಿನ ಸಂದಿಯಲ್ಲಿ ತನ್ನದೇ ಮಣ್ಣು. ಮನಸ್ಸಿನಲ್ಲಿ ಕೆಟ್ಟದ್ದು ಒಂದು ಎಳ್ಳಿನಷ್ಟೂ ಇರಲಿಲ್ಲ. ಕೆಳಗಿದ್ದವನ ಮೇಲೆ ತಾತ್ಸಾರ ಇರಲಿಲ್ಲ. ಊಟ ಎಂದು ಕೂಗಿದರು, ಕೈ ಗೂಟಕ್ಕೆ ಹೋಯಿತು, ಅಷ್ಟೆ. ಒಂಬತ್ತು ವರ್ಷ ಕಾದು ಹುಟ್ಟಿದ ಮಗುವಿನ ಸುದ್ದಿಗೆ ತಮ್ಮ ಓಡಿದ್ದ. ತಾನು ಒಂದು ಡಬ್ಬಿ ಊಟಕ್ಕೆ ಹೊರಟಿದ್ದ. ಹನ್ನೊಂದು ವರ್ಷ ತಾನು ಹೊತ್ತು ತಿರುಗಿದ ಆ ಘೋರ ಅಪರಾಧ ಇಷ್ಟೇ ಉದ್ದದ್ದಾ? ಒಂದು ಗೇಣಾ?

"ಬರ್ತೀರೋ ಇಲ್ವೋ?" ಎಂದು ಹೆಂಡತಿ ಮತ್ತೆ ಕೂಗಿದಳು.

"ಬರಲ್ಲ! ಅಲ್ಲೇ ಇಡು. ನಾನು ಹಿಡಿಕೆ ಬಿಡಲ್ಲ!" ಎಂದು ಪಾತಾಳಪ್ಪ ಗುಡುಗಿದ. ಅಷ್ಟು ಜೋರಾಗಿ ಹೇಳುವಂಥದ್ದು ಏನಿತ್ತೆಂದು ಅಂಗಳದಲ್ಲಿದ್ದವರಿಗೆ ತಿಳಿಯಲಿಲ್ಲ. ಗೂಟವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಅಣ್ಣಾ, ಇದ್ದೀಯಾ?" ಗಲಾಟೆ ಕೇಳಿ ತಮ್ಮ ಕೆಳಗಿನಿಂದ ಕೂಗಿದ.

"ಇದ್ದೀನಿ ಕಣೋ" ಎಂದ ಪಾತಾಳಪ್ಪ. "ಇಲ್ಲೇ ಇದ್ದೀನಿ, ನೀನು ನಿಧಾನಕ್ಕೆ ತೆಗಿ."

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹೂಳೆಲ್ಲ ಮುಗಿದು ತಮ್ಮ ಮೇಲೆ ಬಂದ. ಮುಖವೆಲ್ಲ ಕೆಸರು, ಕಣ್ಣೆರಡೇ ಬೆಳ್ಳಗೆ. "ತಳ ಬಂತು ಅಣ್ಣ. ಬರೀ ಬಂಡೆ. ತಡವಿ ತಡವಿ ನೋಡಿದೆ, ನನ್ನ ಕೈಗೆ ಅದು ಏನೂ ಹೇಳ್ತಿಲ್ಲ."

"ನಿನ್ನ ಕೈಗೆ ಹೇಳಲ್ಲ. ನನಗೆ ಹೇಳುತ್ತೆ" ಎಂದ ಪಾತಾಳಪ್ಪ. ಅದು ಜಂಬವಲ್ಲ. ಬಂಡೆಯಲ್ಲಿ ನೀರಿನ ಸೆಲೆ ಎಲ್ಲಿ ಅಡಗಿದೆ ಎಂದು ಹುಡುಕುವ ಕೈ ಆ ಬೀದಿಗಳಲ್ಲಿ ಇದ್ದದ್ದು ಒಬ್ಬನಿಗೇ. "ಈಗ ನಾನು ಇಳೀತೀನಿ. ನೀನು ಹಿಡ್ಕೊ."

ತಮ್ಮ ಕೆಸರು ಕೈಯನ್ನು ಅಂಗಿಗೆ ಒರೆಸಿಕೊಂಡ. ಒಮ್ಮೆ ಅಲ್ಲ, ಮೂರು ಸಲ. ಆಮೇಲೆ ಹಾರೆ ತೆಗೆಯಲೆಂದು ಚೀಲಕ್ಕೆ ಕೈ ಹಾಕಿದವನ ಕೈಗೆ ತಳದಲ್ಲಿದ್ದ ಎರಡನೆಯ ಹಗ್ಗ ಸಿಕ್ಕಿತು. ಅದು ಯಾಕೆ ಬಂದಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಾತಾಳಪ್ಪ ನೆಲ ನೋಡಿದ.

"ಬೇಡ ಬಿಡು. ಅದು... ಸುಮ್ನೆ ತಂದಿದ್ದೆ."

"ಯಾಕೆ ಬೇಡ? ಕಟ್ಕೊ ಅಣ್ಣ. ನಿನಗಲ್ಲ, ನನಗೆ ಧೈರ್ಯ" ಎಂದ ತಮ್ಮ. ತಾನೇ ಅದರ ಒಂದು ತುದಿಯನ್ನು ಚರ್ಚಿನ ಕಲ್ಲುಕಂಬಕ್ಕೆ ಬಿಗಿದ, ಇನ್ನೊಂದನ್ನು ಅಣ್ಣನ ಸೊಂಟಕ್ಕೆ ಕಟ್ಟಿದ. "ನನ್ನನ್ನ ನಂಬ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ನಿನ್ನನ್ನ ಬಾವಿಗೆ ಇಳಿಸಲ್ಲ ನಾನು. ಗಂಟು ನೋಡ್ಕೊ."

ಪಾತಾಳಪ್ಪ ಎರಡೂ ಗಂಟು ನೋಡಿಕೊಂಡ. ಕಾಲು ಕಟ್ಟೆಯ ಮೇಲೆ ಹೋಯಿತು. ಕಟ್ಟೆ ದಾಟಿತು. ಬೆಳಿಗ್ಗೆ ಬರದ ಕಾಲು ಅದೇನಾ ಎಂದು ಅವನಿಗೇ ಸೋಜಿಗ.

ಕೆಳಗೆ ತಂಪು. ಬಂಡೆಯ ಮೈಗೆ ಎರಡೂ ಅಂಗೈ ಒತ್ತಿ, ಕಿವಿ ಇಟ್ಟು, ಕುರುಡನು ಮಗುವಿನ ಮುಖ ತಡವುವ ಹಾಗೆ ಸುತ್ತಲೂ ತಡವಿದ. ಒಂದು ಕಡೆ, ಮೊಣಕಾಲಿನ ಮಟ್ಟದಲ್ಲಿ, ಕೂದಲೆಳೆಯಷ್ಟು ಬಿರುಕು. ಅಲ್ಲಿ ಕಲ್ಲು ಉಳಿದ ಕಲ್ಲಿಗಿಂತ ತಣ್ಣಗಿತ್ತು. "ಅಲ್ಲಿದ್ದೀಯಾ ಮರಿ" ಎಂದು ಕಲ್ಲಿಗೇ ಹೇಳಿ ಹಾರೆ ಹಾಕಿದ. ಚಕ್ಕೆ ಏಳಿಸಿದ. ಮತ್ತೆ ಕಿವಿ ಇಟ್ಟ. ಹಾರೆಯ ಸದ್ದು ಗಟ್ಟಿಯಿಂದ ಮೆತ್ತಗೆ ತಿರುಗುವುದನ್ನು ಕಾಯುತ್ತಾ, ಮೈಮರೆತು ಹೊಡೆದ. ಮೈಮರೆತೇ ಹೋದ.

"ಅಣ್ಣಾ!" ಮೇಲಿನಿಂದ ಬಂದ ಕೂಗು ಸೀಳಿದ ಹಾಗಿತ್ತು. "ಅಣ್ಣಾ, ಇದ್ದೀಯಾ? ಯಾಕೆ ಕೂಗ್ತಿಲ್ಲ?"

ಪಾತಾಳಪ್ಪ ಹಾರೆ ನಿಲ್ಲಿಸಿದ. ಇಳಿದಾಗಿನಿಂದ ಒಂದು ಸಲವೂ ತಾನು "ಇದ್ದೀಯಾ?" ಎಂದು ಕೂಗಿರಲಿಲ್ಲ! ಮೂವತ್ತೆರಡು ವರ್ಷದಲ್ಲಿ ತಪ್ಪದ ಕಟ್ಟಳೆ ತಪ್ಪಿತ್ತು. ಕೂಗಬೇಕೆಂದು ಅನ್ನಿಸಿಯೇ ಇರಲಿಲ್ಲ. ಮೇಲೆ ತಮ್ಮ ಇದ್ದಾನೆ ಎಂಬುದು, ಕಾಲಡಿ ಬಂಡೆ ಇದೆ ಎನ್ನುವಷ್ಟೇ ಸುಮ್ಮನೆ ಇತ್ತು.

"ಇದ್ದೀನಿ ಕಣೋ!" ಎಂದು ಕೂಗಿದ. ಕೂಗುತ್ತಲೇ ನಗು ಬಂತು. ಬಾವಿ ಆ ನಗುವನ್ನು ನಾಲ್ಕು ಪಟ್ಟು ಮಾಡಿ ಮೇಲೆ ಕಳಿಸಿತು. ಇನ್ನು ಹತ್ತು ಏಟಿಗೆ ಬಂಡೆಯ ಚಕ್ಕೆಯೊಂದು ಕಳಚಿ, ಹೆಬ್ಬೆರಳು ಗಾತ್ರದ ನೀರು ಅವನ ಎದೆಗೆ ಚಿಮ್ಮಿತು.

ಮೇಲೆ ಬಂದಾಗ ಬೀದಿಗೆ ಬೀದಿಯೇ ಅಂಗಳದಲ್ಲಿತ್ತು. ತಮ್ಮ ಹಿಡಿಕೆ ಬಿಟ್ಟು ಕುಸಿದು ಕೂತ. ಅವನ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು. ಮಿಲ್ಲಿನಲ್ಲಿ ಮರ ಹೊತ್ತು ಗಟ್ಟಿಯಾದ ಅಂಗೈ ಅದು.

"ಇದೇನೋ ಇದು? ನಾನು ತಳ ಮುಟ್ಟಿದ ಮೇಲೆ ಗೂಟ ಹಾಕಿ ಆಗಾಗ ಕೈಗೆ ಬಿಡುವು ಕೊಡಬಾರದಿತ್ತಾ? ಗೂಟ ಇರೋದ್ಯಾಕೆ?"

"ಗೂಟ ಎಲ್ಲಿದೆ ಅಣ್ಣ?"

"ನನ್ನನ್ನ ಕೇಳ್ತೀಯಲ್ಲ, ನಿನ್ನ ಹತ್ರ ತಾನೆ ಇರಬೇಕು?"

"ನಿನ್ನ ಜೇಬು ನೋಡ್ಕೊ, ತುದಿ ಇಣುಕ್ತಿದೆ."

ಪಾತಾಳಪ್ಪ ಒದ್ದೆ ಜೇಬಿಗೆ ಕೈ ಹಾಕಿದ. ಗೂಟ ಅವನ ಜೊತೆಯಲ್ಲೇ ಬಾವಿಗೆ ಇಳಿದು, ಅವನ ಜೊತೆಯಲ್ಲೇ ಏರಿ ಬಂದಿತ್ತು. ಎರಡು ಗಂಟೆ ಹೊತ್ತು ತಮ್ಮ ಹಿಡಿಕೆಯನ್ನು ಬರಿಗೈಯಲ್ಲಿ ಬಿಗಿಹಿಡಿದು ನಿಂತಿದ್ದ.

"ಗೂಟ ಇಲ್ಲ ಅಂತ ಕೂಗಬಾರದಿತ್ತೇನೋ, ಪೆದ್ದೇ?"

"ಕೂಗಿದ್ರೆ ನೀನು ಹೆದರ್ತೀಯ ಅಂತ." ತಮ್ಮ ಸುಲಿದ ಅಂಗೈಯನ್ನು ಊದಿಕೊಂಡ. ಆಮೇಲೆ ಹನ್ನೊಂದು ವರ್ಷದ ಮೇಲೆ ಮೊದಲ ಚಟಾಕಿ ಹಾರಿಸಿದ: "ಅಲ್ಲದೆ, ಗೂಟ ಇದ್ದಾಗ ನಾನು ಎಲ್ಲಿಗೆ ಹೋಗ್ತೀನಿ ಅಂತ ನಿನಗೆ ಗೊತ್ತಲ್ಲ. ಇಲ್ದೇ ಇದ್ದದ್ದೇ ಒಳ್ಳೇದಾಯ್ತು."

ಪಾತಾಳಪ್ಪ ಮೊದಲು ನಕ್ಕ. ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ತಮ್ಮನ ಅಂಗೈ ಎರಡನ್ನೂ ತನ್ನ ಅಂಗೈಯೊಳಗೆ ಇಟ್ಟುಕೊಂಡು ಕೂತ. ನಗುವಿನ ನೀರು ಯಾವುದು, ಬಾವಿಯ ನೀರು ಯಾವುದು ಎಂದು ಅವನ ಮುಖ ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ.

ಮೊದಲ ಬಿಂದಿಗೆಯ ನೀರನ್ನು ಪಾತಾಳಪ್ಪ ತಮ್ಮನ ಮಗಳನ್ನು ಕರೆದು ಅವಳ ಬೊಗಸೆಗೆ ಸುರಿದ. ಅವಳಿಗೆ ದೊಡ್ಡಪ್ಪ ಅಷ್ಟು ಹತ್ತಿರ ಬಂದದ್ದು ಹೊಸದು. ಒಂದು ಗುಟುಕು ಕುಡಿದು, "ದೊಡ್ಡಪ್ಪ, ಮಣ್ಣು ವಾಸನೆ" ಎಂದಳು.

"ಹೌದಮ್ಮ. ನಾಲ್ಕು ದಿನ ಬಿಡು, ತಿಳಿಯಾಗುತ್ತೆ. ನಮ್ಮ ವಂಶವೇ ಸ್ವಲ್ಪ ತಡ" ಎಂದ ಪಾತಾಳಪ್ಪ.

ಭಾನುವಾರ ಸಾಕ್ಷಿ ಹೇಳಲು ಎದ್ದು ನಿಂತ. ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು.

"ನಂಬಿಕೆಯೇ ದೊಡ್ಡದು ಅಂತ ಹೇಳೋಕೆ ಮೂರು ದಿನ ತಯಾರಿ ಮಾಡಿದ್ದೆ. ಕೆಳಗೆ ಇಳಿಯೋನು ಮಾತ್ರ ಆಗಿದ್ದೆ, ಅದಕ್ಕೇ ಹಾಗನ್ನಿಸ್ತು. ಮೊನ್ನೆ ಮೊದಲನೇ ಸಲ ಮೇಲೆ ನಿಂತು ನೋಡಿದೆ. ನನ್ನ ನಂಬಿಕೆ ದೊಡ್ಡದು ಅಂದ್ಕೊಂಡಿದ್ದೆನಲ್ಲ, ಅದನ್ನ ಇಷ್ಟು ವರ್ಷ ಯಾರೋ ಮೇಲೆ ಹಿಡ್ಕೊಂಡು ನಿಂತಿದ್ರು. ನೀರು ಸಿಗುತ್ತೆ ಅನ್ನೋ ನಿರೀಕ್ಷೆಯೂ ಅಷ್ಟೆ. ಹಿಡ್ಕೊಳ್ಳೋರಿಲ್ದಿದ್ರೆ ಅದು ಕಟ್ಟೆ ಮೇಲೇ ಕೂತಿರುತ್ತೆ. ನನ್ನ ಕಾಲು ಕೂತಿತ್ತಲ್ಲ, ಹಾಗೆ. ಮೊದಲು ಪ್ರಭು ನಮ್ಮನ್ನ ಹಿಡ್ಕೊಂಡ. ಆಮೇಲೆ ನಮ್ಮ ನಮ್ಮ ಕೈಗೂ ಒಂದೊಂದು ಹಿಡಿಕೆ ಕೊಟ್ಟ." ಅಯ್ಯನವರ ಕಡೆ ತಿರುಗಿ, "ಆ ಬುಟ್ಟಿಯ ಹಗ್ಗ ಹಿಡಿದವರ ಹೆಸರು ಬರೆದಿಲ್ಲ ಅಂದ್ರಲ್ಲ ಅಯ್ಯನವರೇ. ಬರೆಯೋಕೆ ಅವರ ಕೈಗೆ ಬಿಡುವಿರಲಿಲ್ಲ" ಎಂದು ಹೇಳಿ ಬೆಂಚಿಗೆ ಬಂದ. ತನ್ನ ತುದಿಗೆ ಹೋಗಲಿಲ್ಲ. ನಡುವೆ ಕೂತ. ತಮ್ಮನೂ ಸರಿದು ಬಂದ.

"ನಾಲ್ಕನೆಯವರು ಪಳಗಿದ್ರಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಸುಮ್ನಿರೇ. ಈ ಸಲ ನಾನೇ ಪಳಗಿದೆ."

ಈಗ ಅಣ್ಣತಮ್ಮಂದಿರು ಸರದಿಯಲ್ಲಿ ಇಳಿಯುತ್ತಾರೆ, ಸರದಿಯಲ್ಲಿ ಹಿಡಿಯುತ್ತಾರೆ. ಆಪರೇಷನ್ ಆದ ಭಾವಮೈದುನ ಗುಣವಾಗಿ ಬಂದು ಹೂಳಿನ ಬುಟ್ಟಿ ನೋಡಿಕೊಳ್ಳುತ್ತಾನೆ, ತನ್ನ ಕೆಲಸ ಹೋಯಿತೆಂದು ದಿನಾ ಗೊಣಗುತ್ತಾನೆ. ದೀಪದ ಕಟ್ಟಳೆ ಹಾಗೆಯೇ ಇದೆ, ಗಂಟಿನ ಕಟ್ಟಳೆಯೂ ಇದೆ, ಕಂಬಕ್ಕೆ ಕಟ್ಟುವ ಎರಡನೆಯ ಹಗ್ಗವನ್ನು ಈಗ ಇಬ್ಬರೂ ಕಟ್ಟಿಕೊಳ್ಳುತ್ತಾರೆ. ಅಪ್ಪನ ಕಾಲದಿಂದ ಬಂದ ಕೂಗು ಮಾತ್ರ ಬದಲಾಗಿದೆ. ಕೆಳಗಿದ್ದವನು ಕೇಳುವವರೆಗೆ ಮೇಲಿದ್ದವನು ಕಾಯುವುದಿಲ್ಲ. ಬುಟ್ಟಿ ಇಳಿದಾಗೊಮ್ಮೆ, ಏರಿದಾಗೊಮ್ಮೆ, ಯಾರೂ ಕೇಳದಿದ್ದರೂ, ಬಾವಿಯೊಳಗೆ ಬಗ್ಗಿ ತಾನೇ ಮೊದಲು ಕೂಗುತ್ತಾನೆ:

"ಇದ್ದೀನಿ!"